ಒಂದೇ ಆಂಪ್‌ನಲ್ಲಿ ಎರಡು ಟಾಪ್, ಒಂದು ಸಬ್: ಮೋನೋ ವೈರಿಂಗ್ ಶುರುವಿಂದ ಕೊನೇವರೆಗೂ

ಗಣಪತಿ ಹಬ್ಬ ಇನ್ನೊಂದು ತಿಂಗಳಿದೆ ಅನ್ನೋವಾಗ ನಂಗೆ ಬರೋ ಫೋನೆಲ್ಲಾ ಹೆಚ್ಚುಕಮ್ಮಿ ಒಂದೇ ಥರ. "ಅಣ್ಣ, ಹನ್ನೆರಡಿಂಚಿನ ಟಾಪ್ ಎರಡಿದೆ, ಹದಿನೆಂಟಿಂಚಿನ ಸಬ್ ಒಂದು ಸಿಕ್ಕಿದೆ, ಆಂಪ್ ಮಾತ್ರ ಒಂದೇ, ಇನ್ನೊಂದು ಬಾಡಿಗೆಗೆ ತರ್ಬೇಕಾ?" ಬೇಡ. (ಟಾಪ್ ಅಂದ್ರೆ ಮಾತು, ಹಾಡು ಕೇಳ್ಸೋ ಬಾಕ್ಸು, ಸಬ್ ಅಂದ್ರೆ ಬರೀ ಬೇಸ್ ಕೊಡೋ ಬಾಕ್ಸು, ಆಂಪ್ ಅಂದ್ರೆ ಇವನ್ನ ಓಡ್ಸೋ ಆಂಪ್ಲಿಫೈಯರ್.) ಎರಡು ಚಾನೆಲ್ ಇರೋ ಆಂಪ್ ಅಂದ್ರೆ ಒಂದೇ ಡಬ್ಬದಲ್ಲಿ ಎರಡು ಆಂಪ್ ಅಂತಾನೇ ಲೆಕ್ಕ. ಅದನ್ನ ಎಡ ಬಲ ಅಂತ ಹಂಚೋದು ಮನೆ ಸ್ಟೀರಿಯೋಗೆ ಸರಿ. ಶಾಮಿಯಾನದಲ್ಲಿ ಎಡಗಡೆ ಕೂತಿರೋ ಅಜ್ಜಿಗೆ ಎಡದ ಬಾಕ್ಸ್ ಮಾತ್ರ ಕೇಳ್ಸೋದು, ಬಲಗಡೆ ಹಾಕಿರೋ ಕೀಬೋರ್ಡು ಆಕೆಗೆ ಇಲ್ಲವೇ ಇಲ್ಲ. ಅದಕ್ಕೆ ಎಲ್ಲಾನೂ ಮೋನೋ ಮಾಡಿ, ಅಂದ್ರೆ ಎಡ ಬಲ ಇಲ್ದೆ ಒಂದೇ ಸಿಗ್ನಲ್ ಮಾಡಿ, ಚಾನೆಲ್ ಎ ಪೂರ್ತಿ ಟಾಪ್‌ಗೆ, ಚಾನೆಲ್ ಬಿ ಪೂರ್ತಿ ಸಬ್‌ಗೆ ಕೊಟ್ರೆ 150-200 ಜನದ ಭಜನೆ, ನಾಟಕ, ಸಣ್ಣ ಆರ್ಕೆಸ್ಟ್ರಾ ಆರಾಮಾಗಿ ನಡಿಯತ್ತೆ. ನಾನು ಇದನ್ನ ಹೊಟ್ಟೆಪಾಡಿಗೆ ಮಾಡೋನಲ್ಲ, ನಮ್ಮ ಬೀದಿ ಗಣಪತಿಗೆ ಮತ್ತೆ ದೇವಸ್ಥಾನದ ಭಜನೆಗೆ ಮಾಡ್ತಾ ಮಾಡ್ತಾ ಕಲ್ತಿದ್ದು, ಅದಕ್ಕೇ ನಾನು ಎಡವಿದ ಜಾಗಗಳನ್ನೂ ಸೇರಿಸಿ ಬರೀತೀನಿ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಮೈಕ್ ನೇರವಾಗಿ ಹಾಕೋ ಹಳೇ ಪಿಎ ಸೆಟ್ ಇರತ್ತಲ್ಲ, ಹಿಂದೆ 4 ಓಮ್, 8 ಓಮ್, 70 ವೋಲ್ಟ್, 100 ವೋಲ್ಟ್ ಅಂತ ಸ್ಕ್ರೂಗಳ ಸಾಲು ಇರೋದು, ಹಾರ್ನ್‌ಗೆ ಕಾಲಂಗೆ ಹಾಕೋದು, ಅದು ಬೇರೆ ಲೋಕ. ಇಲ್ಲಿ ಹೇಳ್ತಿರೋದು ಸ್ಟೇಜ್ ಪವರ್ ಆಂಪ್ ಬಗ್ಗೆ, ಎರಡನ್ನೂ ಬೆರೆಸಬೇಡಿ.

ಮೊದ್ಲು ಓಮ್ ಲೆಕ್ಕ

ವೈರ್ ಮುಟ್ಟೋಕ್ಮುಂಚೆ ಪ್ರತಿ ಬಾಕ್ಸ್ ಹಿಂದೆ ಬರ್ದಿರೋ ಓಮ್ (ಕರೆಂಟಿಗೆ ಬಾಕ್ಸ್ ಒಡ್ಡೋ ತಡೆ, ಕಮ್ಮಿ ಆದಷ್ಟೂ ಆಂಪ್‌ಗೆ ಭಾರ) ನೋಡಿ ಒಂದು ಚೀಟೀಲಿ ಬರ್ಕೊಳಿ. ಎಂಟು ಓಮ್‌ನ ಎರಡು ಟಾಪ್‌ನ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ) ಹಾಕಿದ್ರೆ ಆಂಪ್‌ಗೆ ಕಾಣೋದು 4 ಓಮ್. ಮೂರು ಹಾಕಿದ್ರೆ 2.7 ಚಿಲ್ರೆ, ನಾಲ್ಕು ಹಾಕಿದ್ರೆ 2. ಆಂಪ್ ಹಿಂದೆ ಎಷ್ಟು ಓಮ್‌ವರೆಗೆ ತಡೆಯತ್ತೆ ಅಂತ ಪ್ರಿಂಟ್ ಇರತ್ತೆ, ಬಹಳಷ್ಟು ಆಂಪ್‌ಗೆ ಒಂದು ಚಾನೆಲ್‌ಗೆ 4 ಓಮ್ ಆರಾಮು. 2 ಓಮ್ ಅಂತ ಬರ್ದಿದ್ರೂ ಮೇ ತಿಂಗಳ ಸೆಖೆಯಲ್ಲಿ ಮೂರು ಗಂಟೆ ಓಡಿಸೋಕೆ ನಾನಂತೂ ಹೋಗಲ್ಲ.

ಹಳೇ ಬಾಕ್ಸ್‌ಲಿ ಸ್ಟಿಕ್ಕರ್ ಕಿತ್ತೋಗಿದ್ರೆ ಮಲ್ಟಿಮೀಟರ್ ಓಮ್‌ಗೆ ಹಾಕಿ ಅಳೀರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸತ್ತೆ, 4 ಓಮ್‌ದು 3ರಿಂದ 3.5. ಕಮ್ಮಿ ತೋರಿಸ್ತು ಅಂತ ಗಾಬರಿ ಆಗ್ಬೇಡಿ, ಮೀಟರ್ ಅಳೆಯೋದು ಕಾಯಿಲ್ ತಂತಿಯ ಡಿಸಿ ರೆಸಿಸ್ಟೆನ್ಸ್ ಮಾತ್ರ, ಹಾಡು ಹೋಗುವಾಗ ಆಂಪ್‌ಗೆ ಕಾಣೋದು ಬೇರೆ. ಹಾಗೇ ಕೇಬಲ್ ಎಲ್ಲಾ ಹಾಕಾದ್ಮೇಲೆ ಆಂಪ್ ತುದಿ ಪ್ಲಗ್‌ನಲ್ಲಿ ಇನ್ನೊಮ್ಮೆ ಅಳೀರಿ, ಎರಡು ಟಾಪ್ ಸೇರಿ 3ರ ಹತ್ರ ಬರ್ಬೇಕು. 6 ಬಂದ್ರೆ ಒಂದು ಬಾಕ್ಸ್ ಸೇರೇ ಇಲ್ಲ, ಸೊನ್ನೆ ಬಂದ್ರೆ ಎಲ್ಲೋ ಶಾರ್ಟು. ಈ ಒಂದು ನಿಮಿಷದ ಕೆಲಸ ಎಷ್ಟು ಆಂಪ್ ಉಳಿಸಿದ್ಯೋ ಲೆಕ್ಕ ಇಲ್ಲ.

ಇನ್ನು ವ್ಯಾಟ್. ಉದಾಹರಣೆಗೆ ಆಂಪ್ ಒಂದು ಚಾನೆಲ್‌ಗೆ 8 ಓಮ್‌ನಲ್ಲಿ 300, 4 ಓಮ್‌ನಲ್ಲಿ 500 ವ್ಯಾಟ್ ಕೊಡತ್ತೆ ಅಂತಿಟ್ಕೊಳಿ. ಎರಡು ಟಾಪ್‌ಗೆ ಸೇರಿ 500, ಅಂದ್ರೆ ತಲಾ 250. ಸಬ್ ಒಂದೇ ಇದ್ದು ಅದು 8 ಓಮ್ ಆದ್ರೆ ಅದಕ್ಕೆ 300 ಮಾತ್ರ ಸಿಗೋದು, ಹೆಚ್ಚು ಬೇಕಾಗಿರೋದು ಸಬ್‌ಗೇ, ಸಿಗೋದು ಕಮ್ಮಿ, ಇದೇ ಈ ಸೆಟಪ್ಪಿನ ಕೊರತೆ. 4 ಓಮ್ ಸಬ್ ಸಿಕ್ರೆ ಒಳ್ಳೇದು, ಇಲ್ಲಾಂದ್ರೆ 8 ಓಮ್‌ದೇ ಇನ್ನೊಂದು ಸಬ್ ತಂದು ಪ್ಯಾರಲಲ್ ಹಾಕಿ ಎರಡನ್ನೂ ಒತ್ತೊತ್ತಾಗಿ ಇಡಿ, ಬೇಸ್ ಮೇಲೆದ್ದು ಬರತ್ತೆ. ಬಾಕ್ಸ್ ಮೇಲೆ 2000 ವ್ಯಾಟ್ ಅಂತ ದೊಡ್ಡಕ್ಷರದಲ್ಲಿ ಬರ್ದಿರೋದನ್ನ ನಂಬ್ಬೇಡಿ, ಅದು ಸಾಮಾನ್ಯವಾಗಿ ಪೀಕ್ (ಒಂದು ಕ್ಷಣಕ್ಕೆ ತಡೆಯೋದು), ಅದರ ಕಾಲುಭಾಗ ಆರ್‌ಎಂಎಸ್ (ಸತತವಾಗಿ ತಡೆಯೋದು) ಅಂತ ಹಿಡೀರಿ. ಸ್ಪೀಕರ್ ಆರ್‌ಎಂಎಸ್‌ಗಿಂತ ಆಂಪ್ ಸ್ವಲ್ಪ ಜಾಸ್ತಿ ಇದ್ರೆ ತೊಂದರೆ ಇಲ್ಲ, ಕೈ ಹಿಡಿತದಲ್ಲಿದ್ರೆ ಸಾಕು. ಸಣ್ಣ ಆಂಪ್‌ನ ಕಿರುಚಿಸಿ ಕ್ಲಿಪ್ ಮಾಡಿಸಿದ್ರೂ, ಅಂದ್ರೆ ತಾಕತ್ತು ಮೀರಿ ದನಿ ಒಡೆಯೋ ಹಾಗೆ ಮಾಡಿದ್ರೂ, ಟಾಪ್‌ನ ಹಾರ್ನ್ ಡ್ರೈವರ್ ಸುಟ್ಟೋಗತ್ತೆ.

ಆಂಪ್ ಹಿಂದಿನ ಆ ಸಣ್ಣ ಸ್ವಿಚ್ಚು

ಸ್ಟೀರಿಯೋ, ಪ್ಯಾರಲಲ್, ಬ್ರಿಡ್ಜ್ ಅಂತ ಮೂರು ಸ್ಥಾನದ ಒಂದು ಸ್ವಿಚ್ ಇರತ್ತೆ. ನಾವು ಮಾಡ್ತಿರೋದು ಮೋನೋ ಆದ್ರೂ ಸ್ವಿಚ್ ಇರಬೇಕಾಗಿರೋದು ಸ್ಟೀರಿಯೋದಲ್ಲೇ! ಇಲ್ಲೇ ಎಲ್ಲರೂ ಬೀಳೋದು, ನಾನೂ ಬಿದ್ದಿದೀನಿ. ಮೋನೋ ಅಲ್ವಾ ಅಂತ ಒಂದ್ಸಲ ಪ್ಯಾರಲಲ್‌ಗೆ ತಳ್ಳಿದ್ದೆ, ಪೂಜೆ ಶುರುವಾದ್ರೆ ಹದಿನೆಂಟಿಂಚಿನ ಸಬ್ ಒಳಗಿಂದ ಭಟ್ರ ಮಂತ್ರ ಕೇಳ್ತಾ ಇದೆ, ಅದೂ ಮಡಕೆ ಒಳಗೆ ಬಾಯಿಟ್ಟು ಮಾತಾಡ್ದಂಗೆ, ಬೇಸ್ ಮಾತ್ರ ಸರಿಯಾಗಿ ಇಲ್ಲ. ಅರ್ಧ ಗಂಟೆ ಸಬ್ ಕೆಟ್ಟೋಯ್ತು ಅಂತ ಸ್ಕ್ರೂ ಬಿಚ್ಚಿದ್ವಿ. ಆಗಿದ್ದು ಇಷ್ಟೇ, ಪ್ಯಾರಲಲ್ ಮಾಡಿದ್ರೆ ಎ ಬಿ ಎರಡರ ಇನ್‌ಪುಟ್ಟೂ ಒಳಗೇ ಒಂದಾಗ್ಬಿಡತ್ತೆ, ಕ್ರಾಸೋವರ್ (ಬೇಸ್‌ನ ಸಬ್‌ಗೆ, ಉಳಿದಿದ್ದನ್ನ ಟಾಪ್‌ಗೆ ಅಂತ ಬೇರೆ ಮಾಡೋ ಡಬ್ಬ) ಕಷ್ಟಪಟ್ಟು ಬೇರೆ ಮಾಡಿ ಕೊಟ್ಟಿದ್ದನ್ನ ಆಂಪ್ ಮತ್ತೆ ಕಲಸಿಹಾಕ್ತು. ಬ್ರಿಡ್ಜ್ ಇನ್ನೂ ಕೆಟ್ಟದ್ದು, ಅದು ಎರಡು ಚಾನೆಲ್ ಸೇರಿಸಿ ಒಂದೇ ಲೋಡ್ ಓಡ್ಸೋಕೆ ಇರೋದು, ನಮಗೆ ಬೇಡವೇ ಬೇಡ. ಸ್ಟೀರಿಯೋಗೆ ಹಾಕಿ, ಮೇಲೊಂದು ಟೇಪ್ ಅಂಟಿಸ್ಬಿಡಿ.

ಇನ್ನೊಂದು. ಎ ಚಾನೆಲ್‌ದು ಮೈನಸ್, ಬಿ ಚಾನೆಲ್‌ದು ಮೈನಸ್ ಎರಡೂ ಗ್ರೌಂಡೇ ಅಲ್ವಾ ಅಂತ ಮೂರೇ ತಂತಿಯಲ್ಲಿ ಮುಗಿಸೋ ಬುದ್ಧಿವಂತಿಕೆ ಬೇಡ. ಈಗಿನ ಎಷ್ಟೋ ಆಂಪ್‌ಗಳಲ್ಲಿ ಮೈನಸ್ ಟರ್ಮಿನಲ್‌ನಲ್ಲೂ ವೋಲ್ಟೇಜ್ ಇರತ್ತೆ. ಪ್ರತಿ ಚಾನೆಲ್‌ಗೂ ಅದರದ್ದೇ ಎರಡು ತಂತಿ.

ಸ್ಪೀಕರ್ ಕೇಬಲ್

ದಪ್ಪ ನೋಡಿ ತಗೊಳಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೆಂಪು ಕಪ್ಪು ಪ್ಲಾಸ್ಟಿಕ್ಕಿನ ತೆಳ್ಳಗಿನ ಸ್ಪೀಕರ್ ವೈರ್ ಅಗ್ಗಕ್ಕೆ ಸಿಗತ್ತೆ, ಅದು ಮನೆ ಹೋಂ ಥಿಯೇಟರ್‌ಗೆ. 20 ಮೀಟರ್ ಓಟಕ್ಕೆ ಹೋಗಿ ಬರೋ ತಾಮ್ರ 40 ಮೀಟರ್. 1 ಸ್ಕ್ವೇರ್ ಎಂಎಂ ಆದ್ರೆ ಅದರ ರೆಸಿಸ್ಟೆನ್ಸೇ ಸುಮಾರು 0.8 ಓಮ್, 4 ಓಮ್ ಲೋಡ್ ಮೇಲೆ ನೂರಕ್ಕೆ ಹದಿನಾರು ಭಾಗ ಪವರ್ ವೈರ್ ಬಿಸಿ ಮಾಡೋಕೇ ಹೋಯ್ತು. 2.5 ಸ್ಕ್ವೇರ್ ಎಂಎಂ ಹಾಕಿದ್ರೆ ಏಳೆಂಟು ಭಾಗ, 4 ಹಾಕಿದ್ರೆ ಐದು. ನಾನು ಎಲ್ಲದಕ್ಕೂ 2.5 ಬಳಸ್ತೀನಿ, ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ಎರಡು ಕೋರ್ ಫ್ಲೆಕ್ಸಿಬಲ್ ಕೇಬಲ್ ಸಾಕು, ಆಂಪ್‌ನ ಸ್ಟೇಜ್ ಪಕ್ಕದಲ್ಲೇ ಇಟ್ರೆ ಓಟಾನೂ ಕಮ್ಮಿ. ಮೈಕ್ ಕೇಬಲ್ ಅಥವಾ ಗಿಟಾರ್ ಕೇಬಲ್‌ನ ಸ್ಪೀಕರ್‌ಗೆ ಹಾಕಬಾರದು, ಸಿಗ್ನಲ್ ಪಿನ್ ಒಂದೇ ಥರ ಕಂಡ್ರೂ ಒಳಗಿನ ತಂತಿ ಕೂದಲಷ್ಟು.

ಕನೆಕ್ಟರ್ ಸ್ಪೀಕಾನ್ (ತಿರುಗಿಸಿದ್ರೆ ಲಾಕ್ ಆಗೋ ಸ್ಪೀಕರ್ ಪ್ಲಗ್) ಆದ್ರೆ ಉತ್ತಮ. ನಾಲ್ಕು ಪಾಯಿಂಟ್‌ದು ಬಿಚ್ಚಿದ್ರೆ 1+, 1-, 2+, 2- ಅಂತ ಅಚ್ಚಾಗಿರತ್ತೆ. ಮಾಮೂಲಿ ಬಾಕ್ಸ್‌ಗೆ ಬೇಕಾಗಿರೋದು 1+ ಮತ್ತೆ 1- ಮಾತ್ರ. ತಂತಿಯ ತುದಿ ಒಂದು ಸೆಂಟಿಮೀಟರ್‌ನಷ್ಟು ಸುಲಿದು, ಒಂದೂ ಎಳೆ ಆಚೆ ಉಳೀದಂಗೆ ತಿರುಚಿ, ಸ್ಕ್ರೂ ಬಿಗಿ ಮಾಡಿ, ಆಮೇಲೆ ಎಳೆದು ನೋಡಿ. ಸಾಕೆಟ್‌ಗೆ ಹಾಕಿ ಬಲಕ್ಕೆ ತಿರುಗಿಸಿದ್ರೆ ಕ್ಲಿಕ್ ಅನ್ನಬೇಕು. ಕ್ಲಿಕ್ ಅನ್ನದಿದ್ರೆ ಅದು ಕೂತಿಲ್ಲ, ನಡುವೆ ಯಾರಾದ್ರೂ ಕಾಲು ಹಾಕಿದ್ರೆ ಢಮಾರ್.

ಗಮನ ಇರ್ಲಿ, ಕೆಲವು ಆಂಪ್‌ಗಳ ಎ ಸಾಕೆಟ್‌ನಲ್ಲಿ 1+ 1- ಗೆ ಚಾನೆಲ್ ಎ, 2+ 2- ಗೆ ಚಾನೆಲ್ ಬಿ ಎರಡೂ ಬಂದಿರತ್ತೆ. ಇದು ನಮಗೆ ಅನುಕೂಲ, ನಾಲ್ಕು ಕೋರ್‌ನ ಒಂದೇ ಕೇಬಲ್ ಎಳೆದ್ರೆ ಟಾಪೂ ಸಬ್ಬೂ ಎರಡಕ್ಕೂ ಆಗತ್ತೆ. ಆದ್ರೆ ಸಬ್ ಬಾಕ್ಸ್ ಒಳಗೆ 2+ 2- ಗೆ ಸಬ್ ಕನೆಕ್ಟ್ ಆಗಿದೆಯಾ ಅಥವಾ 1+ 1- ಗಾ ಅಂತ ನೋಡದೆ ಹಾಕ್ಬೇಡಿ. ಮೊದಲ ಸಲ ಮಾಡೋರು ಎರಡು ಬೇರೆ ಕೇಬಲ್‌ಲೇ ಮಾಡಿ, ತಲೆನೋವಿಲ್ಲ.

ಎರಡು ಟಾಪ್‌ನ ಸೇರಿಸೋದು ಸುಲಭ. ಆಂಪ್‌ನಿಂದ ಮೊದಲನೇ ಟಾಪ್‌ಗೆ ಒಂದು ಕೇಬಲ್, ಆ ಟಾಪ್‌ನ ಇನ್ನೊಂದು ಸಾಕೆಟ್‌ನಿಂದ ಎರಡನೇ ಟಾಪ್‌ಗೆ ಇನ್ನೊಂದು. ಬಾಕ್ಸ್ ಹಿಂದಿನ ಎರಡು ಸಾಕೆಟ್ ಒಳಗೆ ಪ್ಯಾರಲಲ್ ಆಗೇ ಇರತ್ತೆ.

ಮಿಕ್ಸರಿಂದ ಆಂಪ್‌ವರೆಗೆ

ಮೋನೋ ಮಾಡೋದು ಇಲ್ಲಿ. ಮಿಕ್ಸರ್‌ನಲ್ಲಿ ಮೋನೋ ಔಟ್ ಇದ್ರೆ ಅದನ್ನೇ ತಗೊಳಿ, ಮುಗೀತು. ಇಲ್ಲಾಂದ್ರೆ ಎಡ ಔಟ್ ಒಂದನ್ನೇ ಬಳಸಿ ಎಲ್ಲಾ ಮೈಕ್‌ನ ಪ್ಯಾನ್ (ಎಡ ಬಲ ಹಂಚೋ ನಾಬ್) ಎಡಕ್ಕೆ ತಿರುಗಿಸಿ. ಎಡ ಬಲ ಎರಡು ಔಟ್‌ನ ವೈ ಕೇಬಲ್ ಹಾಕಿ ಒಂದು ಮಾಡೋದು ತಪ್ಪು, ಎರಡು ಔಟ್‌ಪುಟ್ ಒಂದನ್ನೊಂದು ತಳ್ಳಾಡ್ತವೆ. ಔಟ್‌ಪುಟ್‌ನಿಂದ ಎರಡು ಇನ್‌ಪುಟ್‌ಗೆ ವೈ ಹಾಕೋದು ಮಾತ್ರ ಪರವಾಗಿಲ್ಲ. ಮೊಬೈಲಿಂದ ಕ್ಯಾರಿಯೋಕೆ ಟ್ರ್ಯಾಕ್ ಹಾಕೋರಿಗೆ ಒಂದು ತೊಡಕಿದೆ, ಎಡ ಔಟ್ ಒಂದನ್ನೇ ತಗೊಂಡ್ರೆ ಟ್ರ್ಯಾಕಿನ ಬಲಗಡೆ ಇರೋ ವಾದ್ಯ ಹೋಗತ್ತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಅಂತ ಇರತ್ತೆ, ಅದನ್ನ ಆನ್ ಮಾಡಿದ್ರೆ ಎಲ್ಲಾ ಬರತ್ತೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಆಮೇಲೆ ಕ್ರಾಸೋವರ್. ಈ ಡಬ್ಬಕ್ಕೆ ನಾಲ್ಕು ಕಾಸು ಖರ್ಚು ಮಾಡಿ ಅಂತ ಎಲ್ಲರಿಗೂ ಹೇಳ್ತೀನಿ. ಬೆಹ್ರಿಂಗರ್ ಸಿಎಕ್ಸ್ 2310, ಡಿಬಿಎಕ್ಸ್ 223 ಥರದವು ಸೆಕೆಂಡ್ ಹ್ಯಾಂಡ್ ಸಿಕ್ರೂ ಸಾಕು. ಕೆಲವು ಆಂಪ್‌ನಲ್ಲಿ, ಉದಾಹರಣೆಗೆ ಕ್ರೌನ್ ಎಕ್ಸ್‌ಎಲ್‌ಎಸ್‌ನ ಡ್ರೈವ್‌ಕೋರ್ ಸರಣಿಯಲ್ಲಿ, ಕ್ರಾಸೋವರ್ ಒಳಗೇ ಇದೆ, ಆಗ ಬೇರೆ ಡಬ್ಬ ಬೇಡ. ಸ್ಪೀಕರ್ ವೈರ್ ಮೇಲೆ ಕಾಯಿಲ್ ಕೆಪ್ಯಾಸಿಟರ್ ಹಾಕಿ ನಾವೇ ಮಾಡೋಣ ಅನ್ನೋರಿಗೆ ಒಂದು ಮಾತು: 100 ಹರ್ಟ್ಜ್‌ಗೆ 4 ಓಮ್‌ನಲ್ಲಿ ತೀರಾ ಸರಳ ಫಿಲ್ಟರ್‌ಗೇ 6 ಮಿಲಿಹೆನ್ರಿ ದಾಟಿದ ಕಾಯಿಲ್ ಬೇಕು, ದಪ್ಪ ತಂತಿಯಲ್ಲಿ ಅದನ್ನ ಸುತ್ತಿದ್ರೆ ತೂಕಾನೂ ದುಡ್ಡೂ ನೋಡಿ ನೀವೇ ಕ್ರಾಸೋವರ್ ತಗೋತೀರಾ.

ಕನೆಕ್ಷನ್ ಹೀಗೆ: ಮಿಕ್ಸರ್ ಮೋನೋ ಔಟ್ ಕ್ರಾಸೋವರ್‌ನ ಚಾನೆಲ್ 1 ಇನ್‌ಪುಟ್‌ಗೆ. ಕ್ರಾಸೋವರ್ ಎರಡು ದಾರಿಯ ಮೋಡ್‌ನಲ್ಲಿರಲಿ. ಚಾನೆಲ್ 1 ಹೈ ಔಟ್ ಆಂಪ್ ಎ ಇನ್‌ಪುಟ್‌ಗೆ, ಚಾನೆಲ್ 1 ಲೋ ಔಟ್ ಆಂಪ್ ಬಿ ಇನ್‌ಪುಟ್‌ಗೆ. ಚಾನೆಲ್ 2 ಖಾಲಿ ಬಿಡಿ. ಕೇಬಲ್ ಎಲ್ಲಾ ಎಕ್ಸ್‌ಎಲ್‌ಆರ್ (ಮೈಕ್‌ಗೆ ಹಾಕೋ ಮೂರು ಪಿನ್ನಿನದು), ಪಿನ್ 1 ಶೀಲ್ಡ್, 2 ಹಾಟ್, 3 ಕೋಲ್ಡ್. ಬ್ಯಾಲೆನ್ಸ್ಡ್ (ಸಿಗ್ನಲ್ ಹಾಟ್ ಕೋಲ್ಡ್ ಎರಡು ತಂತೀಲಿ ಹೋಗಿ ದಾರೀಲಿ ಸೇರೋ ಗದ್ದಲ ಕಳೆಯೋದು) ಆಗಿರೋದ್ರಿಂದ ಮಿಕ್ಸರ್ 25 ಮೀಟರ್ ದೂರ ಇದ್ರೂ ಗುಂಯ್ ಅನ್ನಲ್ಲ.

ಟಾಪೂ ಸಬ್ಬೂ ಬೇರೆಯಾಗೋ ಫ್ರೀಕ್ವೆನ್ಸಿ ಎಷ್ಟಿಡೋದು? ಹನ್ನೆರಡಿಂಚಿನ ಟಾಪ್‌ಗೆ 100 ಹರ್ಟ್ಜ್ ಇಂದ ಶುರು ಮಾಡಿ, ಹದಿನೈದಿಂಚಿನದಾದ್ರೆ 80, ಹತ್ತಿಂಚಿನದಾದ್ರೆ 120. ಸ್ಲೋಪ್ (ಆ ಗಡಿ ದಾಟಿದ್ಮೇಲೆ ದನಿ ಎಷ್ಟು ಬೇಗ ಇಳಿಯತ್ತೆ ಅನ್ನೋದು) ಒಂದು ಆಕ್ಟೇವ್‌ಗೆ 24 ಡಿಬಿ. ಕೆಲವು ಕ್ರಾಸೋವರ್‌ನಲ್ಲಿ ಫ್ರೀಕ್ವೆನ್ಸಿಯನ್ನ ಹತ್ತುಪಟ್ಟು ಮಾಡೋ ಪುಟ್ಟ ಬಟನ್ ಇರತ್ತೆ, ಅದು ಒಳಗೆ ಒತ್ತಿದ್ರೆ ನೀವಿಟ್ಟ 100 ಅಲ್ಲಿ 1000, ಸಬ್ ಮಾತಾಡೋಕೆ ಶುರು ಮಾಡತ್ತೆ, ಟಾಪ್ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಥರ ಕೀರಲು.

ಕ್ರಾಸೋವರ್‌ಗೆ ದುಡ್ಡಿಲ್ಲ ಅಂದ್ರೆ ಇನ್ನೊಂದು ದಾರಿ ಇದೆ. ಮೈನ್ ಔಟ್ ನೇರ ಆಂಪ್ ಎ ಗೆ, ಮಿಕ್ಸರ್‌ನ ಒಂದು ಆಕ್ಸ್ (ಪ್ರತಿ ಮೈಕಿಂದ ಬೇಕಾದಷ್ಟನ್ನ ಬೇರೆ ಕಡೆ ಕಳಿಸೋ ದಾರಿ) ಔಟ್ ಆಂಪ್ ಬಿ ಗೆ, ಆಂಪ್ ಹಿಂದೆ ಲೋ ಪಾಸ್ (ಬೇಸ್ ಮಾತ್ರ ಬಿಡೋ) ಸ್ವಿಚ್ ಇದ್ರೆ ಬಿ ಚಾನೆಲ್‌ಗೆ ಆನ್ ಮಾಡಿ. ಆ ಆಕ್ಸ್ ಪೋಸ್ಟ್ ಫೇಡರ್ (ಮೈಕಿನ ವಾಲ್ಯೂಮ್ ಏರಿಳಿಸೋ ಫೇಡರ್ ಆದ್ಮೇಲೆ ಸಿಗ್ನಲ್ ತಗೊಳೋದು) ಆಗಿರಬೇಕು, ಇಲ್ಲಾಂದ್ರೆ ಫೇಡರ್ ಇಳಿಸಿದ್ರೂ ಸಬ್‌ನಲ್ಲಿ ತಬಲ ಬಾರಿಸ್ತಾನೇ ಇರತ್ತೆ. ಇದರ ಒಂದು ಚೆಂದ ಏನಂದ್ರೆ, ತಬಲ, ಡೋಲಕ್, ಕೀಬೋರ್ಡ್, ಟ್ರ್ಯಾಕ್ ಇಷ್ಟನ್ನೇ ಸಬ್‌ಗೆ ಕಳಿಸಬಹುದು, ಮೈಕ್ ಹಿಡ್ಕೊಂಡು ಕುಟ್ಟೋ ಸದ್ದು, ಉಸಿರಿನ ಪುಸ್ ಪುಸ್ ಸಬ್‌ಗೆ ಹೋಗೋದೇ ಇಲ್ಲ. ಕ್ರಾಸೋವರ್ ಇದ್ದೋರೂ ಕೊನೇಪಕ್ಷ ಎಲ್ಲಾ ಹಾಡೋ ಮೈಕ್‌ಗೂ ಬೇಸ್ ಕತ್ತರಿಸೋ ಲೋ ಕಟ್ ಬಟನ್ ಒತ್ತಿ.

ಕರೆಂಟು, ಇಲ್ಲಿ ತಮಾಷೆ ಬೇಡ

ಪ್ಲಗ್ ಹಾಕೋಕ್ಮುಂಚೆ ಬೋರ್ಡ್‌ನಲ್ಲಿ ಮೀಟರ್ ಇಟ್ಟು ನೋಡಿ. ಫೇಸ್ ನ್ಯೂಟ್ರಲ್ ನಡುವೆ 230ರ ಹತ್ರ, ಫೇಸ್ ಅರ್ತ್ ನಡುವೆ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್ ಅರ್ತ್ ನಡುವೆ ಒಂದೆರಡು ವೋಲ್ಟ್. ತ್ರೀ ಫೇಸ್ ಜನರೇಟರ್ ಆದ್ರೆ ತಪ್ಪದೆ ನೋಡಿ, ನ್ಯೂಟ್ರಲ್ ಸಡಿಲ ಇದ್ರೆ ಒಂದು ಲೈನ್‌ನಲ್ಲಿ 300 ದಾಟಿ ಹೋಗತ್ತೆ, ಮೂರು ಫೇಸ್‌ಗೂ ಲೋಡ್ ಸಮ ಇಲ್ದಿದ್ರೆ 400ರ ಹತ್ರಾನೂ ಬರಬಹುದು. ಒಂದು ವರ್ಷ ಬಾಡಿಗೆ ಜನರೇಟರಿನಲ್ಲಿ ಹೀಗೇ ಆಗಿ ಸೀರಿಯಲ್ ಸೆಟ್ ಪಟಪಟ ಅಂತ ಹೋಯ್ತು, ನಾವಿನ್ನೂ ಆಂಪ್ ಹಾಕಿರ್ಲಿಲ್ಲ, ಅದೃಷ್ಟ.

ಆಂಪ್‌ಗೆ 16 ಆಂಪಿಯರ್ ಸಾಕೆಟ್ ಕೊಡಿ, ಎಕ್ಸ್‌ಟೆನ್ಶನ್ ವೈರ್ ಸುರುಳಿ ಇದ್ರೆ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟೇ ಬಿಟ್ರೆ ಒಳಗೆ ಬಿಸಿಯಾಗಿ ಪ್ಲಾಸ್ಟಿಕ್ ಕರಗತ್ತೆ. ಮಿಕ್ಸರ್, ಕ್ರಾಸೋವರ್, ಆಂಪ್ ಮೂರೂ ಒಂದೇ ಬೋರ್ಡ್‌ನಿಂದ, ಲೈಟಿಂಗ್ ಬೇರೆ ಕಡೆಯಿಂದ. ಹಮ್ಮಿಂಗ್ ಬಂತು ಅಂತ ಪ್ಲಗ್‌ನ ಅರ್ತ್ ಪಿನ್ ಕಿತ್ತಾಕೋ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಮಳೆ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕ್ ಹಿಡಿಯೋದು ಮಕ್ಕಳು, ಹಾಗೆ ಮಾಡ್ಬೇಡಿ. ಹಮ್ಮಿಂಗ್‌ಗೆ ಮಿಕ್ಸರ್‌ನಿಂದ ಬರೋ ಎಕ್ಸ್‌ಎಲ್‌ಆರ್ ಕೇಬಲ್‌ನ ಆಂಪ್ ಕಡೆ ತುದೀಲಿ ಪಿನ್ 1 ಮಾತ್ರ ಬಿಚ್ಚಿದ್ರೆ ಬಹಳ ಸಲ ಹೋಗತ್ತೆ, ಲ್ಯಾಪ್‌ಟಾಪ್ ಚಾರ್ಜರಿಂದ ಬರೋ ಗುಂಯ್‌ಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಲ್ಯಾಪ್‌ಟಾಪಿಗೂ ಮಿಕ್ಸರ್‌ಗೂ ನಡುವೆ ಹಾಕೋ ಸಣ್ಣ ಡಬ್ಬ) ಹಾಕಿ.

ಆನ್ ಮಾಡೋದು, ಹೊಂದಿಸೋದು

ಹಳೇ ಅಥವಾ ರಿಪೇರಿ ಆಗಿ ಬಂದ ಆಂಪ್ ಆದ್ರೆ ಸ್ಪೀಕರ್ ಹಾಕದೇನೇ ಆನ್ ಮಾಡಿ, ಔಟ್‌ಪುಟ್‌ನಲ್ಲಿ ಮೀಟರ್‌ನ ಡಿಸಿ ವೋಲ್ಟ್‌ಗೆ ಇಟ್ಟು ನೋಡಿ. ಕೆಲವೇ ಮಿಲಿವೋಲ್ಟ್ ಇರಬೇಕು, ವೋಲ್ಟ್‌ಗಳಲ್ಲಿ ತೋರಿಸಿದ್ರೆ ಆ ಚಾನೆಲ್ ಸ್ಪೀಕರ್ ಕಾಯಿಲ್ ಸುಡತ್ತೆ, ಮುಟ್ಟಬೇಡಿ. ಸರಿ ಇದ್ರೆ ಆಫ್ ಮಾಡಿ ಸ್ಪೀಕರ್ ಹಾಕಿ.

ಆಂಪ್ ನಾಬ್ ಎರಡೂ ಸೊನ್ನೆ. ಮೊದ್ಲು ಮಿಕ್ಸರ್, ಆಮೇಲೆ ಕ್ರಾಸೋವರ್, ಕೊನೆಗೆ ಆಂಪ್ ಆನ್. ನಿಮಗೆ ಚೆನ್ನಾಗಿ ಗೊತ್ತಿರೋ ಹಾಡೊಂದು ಹಾಕಿ ಮಿಕ್ಸರ್ ಮೀಟರ್ ಸೊನ್ನೆ ಡಿಬಿ ಸುತ್ತ ಆಡೋ ಹಾಗೆ ಇಡಿ. ಈಗ ಎ ನಾಬ್ ಮಾತ್ರ ನಿಧಾನಕ್ಕೆ ತಿರುಗಿಸಿ. ಎರಡೂ ಟಾಪ್ ಬರ್ತಿದೆಯಾ, ಬೇಸ್ ಇಲ್ದೆ ಸ್ವಲ್ಪ ಬಡಕಲಾಗಿ ಕೇಳ್ತಿದೆಯಾ? ಸರಿಯಾಗಿದೆ. ಎ ಇಳಿಸಿ, ಬಿ ಏರಿಸಿ. ಸಬ್‌ನಲ್ಲಿ ಗುಡುಗಿನ ಥರ ಮಾತ್ರ ಬರ್ಬೇಕು, ಹಾಡಿನ ಪದ ತಿಳೀತು ಅಂದ್ರೆ ಕೇಬಲ್ ಅದಲುಬದಲಾಗಿದೆ ಅಥವಾ ಮೇಲೆ ಹೇಳಿದ ಸ್ವಿಚ್‌ಗಳಲ್ಲಿ ಒಂದು ತಪ್ಪಿದೆ.

ಆಮೇಲೆ ಪೊಲಾರಿಟಿ, ಇದನ್ನ ಯಾರೂ ನೋಡಲ್ಲ. ಎರಡು ಟಾಪ್‌ನಲ್ಲಿ ಒಂದರ ಪ್ಲಸ್ ಮೈನಸ್ ತಿರುಗಿದ್ರೆ ನಡುವೆ ನಿಂತಾಗ ದನಿ ಟೊಳ್ಳು ಅನ್ಸತ್ತೆ, ಬಾಕ್ಸ್‌ಗಳನ್ನ ಎದುರುಬದುರು ಹತ್ರ ಇಟ್ರೆ ಬೇಸ್ ಮಾಯ. ಕಾಣೋ ವೂಫರ್ ಆದ್ರೆ ಆಂಪ್ ತುದಿ ಕೇಬಲ್ ಬಿಚ್ಚಿ ಒಂದೂವರೆ ವೋಲ್ಟ್ ಸೆಲ್‌ನ ಪ್ಲಸ್‌ನ ಪ್ಲಸ್‌ಗೆ ಒಂದು ಕ್ಷಣ ತಾಗಿಸಿ, ಕೋನ್ ಮುಂದಕ್ಕೆ ಜಿಗಿದ್ರೆ ಸರಿ. ಟಾಪ್‌ಗೂ ಸಬ್‌ಗೂ ನೋಡೋಕೆ ಫೋನ್‌ನ ಟೋನ್ ಆ್ಯಪ್‌ನಿಂದ 100 ಹರ್ಟ್ಜ್ ಸಣ್ಣಗೆ ಹಾಕಿ, ಹತ್ತು ಹೆಜ್ಜೆ ದೂರ ನಿಂತು, ಇನ್ನೊಬ್ರಿಗೆ ಕ್ರಾಸೋವರ್‌ನ ಲೋ ಕಡೆ ಫೇಸ್ (ಪೊಲಾರಿಟಿ ತಿರುಗಿಸೋ) ಬಟನ್ ಒತ್ತಿ ಬಿಡೋಕೆ ಹೇಳಿ. ಯಾವ ಸ್ಥಾನದಲ್ಲಿ ಜೋರಾಗಿ ಕೇಳತ್ತೋ ಅದೇ ಸರಿ. ಸಬ್‌ನ ಟಾಪ್‌ಗಿಂತ ತುಂಬಾ ಮುಂದೆ ಹಿಂದೆ ಇಡಬೇಡಿ, 100 ಹರ್ಟ್ಜ್ ಅಲೆಯ ಉದ್ದ ಸುಮಾರು 3.4 ಮೀಟರ್, ಅದರ ಅರ್ಧ ದೂರ ಹಿಂದೆ ಹೋದ್ರೆ ಒಂದನ್ನೊಂದು ನುಂಗತ್ತೆ. ಎರಡು ಸಬ್ ಇದ್ರೆ ಎರಡೂ ಮೂಲೆಗೆ ಒಂದೊಂದು ಇಡೋ ಬದಲು ಸ್ಟೇಜ್ ಮುಂದೆ ನಡುವೆ ಒಟ್ಟಿಗಿಡಿ, ಇಲ್ಲಾಂದ್ರೆ ನಡುದಾರಿಯಲ್ಲಿ ಎದೆ ನಡುಗತ್ತೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಏನೂ ಇಲ್ಲ.

ಲೆವೆಲ್ ಕಿವಿಯಿಂದ. ಎ ನಾಬ್‌ನ ಬೇಕಾದಷ್ಟಕ್ಕೆ ಇಟ್ಟು ಬಿ ಏರಿಸ್ತಾ ಬನ್ನಿ, ಸಬ್ ಮ್ಯೂಟ್ ಮಾಡಿದಾಗ ಏನೋ ಹೋಯ್ತು ಅನ್ಸಬೇಕು, ಆನ್ ಇದ್ದಾಗ ಸಬ್ ಎಲ್ಲಿದೆ ಅಂತ ಗೊತ್ತಾಗಬಾರದು. ಹುಡುಗ್ರು ಇನ್ನೂ ಬೇಸ್ ಅಂತ ಕೇಳೇ ಕೇಳ್ತಾರೆ, ನೀವು ಕ್ಲಿಪ್ ಲೈಟ್ ನೋಡಿ. ಯಾವಾಗಾದ್ರೊಮ್ಮೆ ಮಿಣುಕಿದ್ರೆ ಸರಿ, ತಾಳಕ್ಕೆ ತಕ್ಕಂಗೆ ಹೊಡ್ಕೋತಿದ್ರೆ ಇಳಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮದಲ್ಲಿ ನಿಷೇಧ ಇದೆ, ಹಬ್ಬದ ದಿನ ಸರ್ಕಾರ ಸಡಿಲಿಸಿದ್ರೂ ಗೋಡೆ ದಾಟಿ ಪಕ್ಕದ ಮನೆ ಮಂಚ ಅಲ್ಲಾಡ್ಸೋದು ಟಾಪ್ ಅಲ್ಲ ಸಬ್ಬೇ, ಹಾಗಾಗಿ ಒಂಬತ್ತೂವರೆಗೇ ಬಿ ನಾಬ್ ಒಂದೆರಡು ಗೀಟು ಇಳಿಸ್ತೀನಿ, ಯಾರಿಗೂ ಗೊತ್ತಾಗಿಲ್ಲ ಇವತ್ತಿನವರೆಗೆ.

ಕಾರ್ಯಕ್ರಮ ಶುರುವಾಗಿ ಅರ್ಧ ಗಂಟೆಗೆ ಒಂದ್ಸಲ ಹೋಗಿ ಸ್ಪೀಕಾನ್ ಪ್ಲಗ್, ಕರೆಂಟ್ ಪ್ಲಗ್ ಎರಡನ್ನೂ ಕೈಯಿಂದ ಮುಟ್ಟಿ ನೋಡಿ, ಬಿಸಿ ಇದ್ರೆ ಒಳಗೆ ಸ್ಕ್ರೂ ಸಡಿಲ ಇದೆ ಅಂತ. ಆಂಪ್ ಮುಂದೆ ಹಿಂದೆ ಗಾಳಿಗೆ ಜಾಗ ಬಿಡಿ, ಅದರ ಮೇಲೆ ಹೂವಿನ ಬುಟ್ಟಿ ಇಡೋರು ಇದ್ದೇ ಇರ್ತಾರೆ. ಮುಗಿದ್ಮೇಲೆ ಮೊದ್ಲು ಆಂಪ್ ಆಫ್, ಹತ್ತು ಸೆಕೆಂಡ್ ಬಿಟ್ಟು ಕ್ರಾಸೋವರ್, ಮಿಕ್ಸರ್. ಆಮೇಲೆ ಕೇಬಲ್ ಸುತ್ತೋವಾಗ ಎ ಟಾಪ್, ಬಿ ಸಬ್ ಅಂತ ಎರಡೂ ತುದಿಗೆ ಟೇಪ್ ಹಚ್ಚಿ ಬರ್ದಿಡಿ, ಮುಂದಿನ ಸಲ ಹಾಕೋದು ನೀವೇ ಆಗಿರ್ತೀರಿ ಅಂತೇನಿಲ್ಲ.